ಮಗು ಓದ್ತಾ ಇಲ್ಲ ಅಂದ್ರೆ, ಎಲ್ಲಿ ಕೈಕೊಟ್ಟಿದೆ ಅಂತ ಮೊದಲು ನೋಡಿ

ಮೂರನೇ ತರಗತಿಯ ಹುಡುಗ. ಪಾಠ ತೆಗಿ ಅಂದರೆ ಗಡಗಡ ಅಂತ ಓದುತ್ತಿದ್ದ. ನಿಲ್ಲಿಸಬೇಕಾದ ಕಡೆ ನಿಲ್ಲಿಸಿ, ರಾಗ ಎಳೆಯಬೇಕಾದ ಕಡೆ ಎಳೆದು, ಚೆನ್ನಾಗೇ ಓದುತ್ತಿದ್ದ. ಒಂದು ವರ್ಷ ಪೂರ್ತಿ ನಾನು ಅವನನ್ನು ಓದು ಬರುವವರ ಲೆಕ್ಕಕ್ಕೇ ಸೇರಿಸಿದ್ದೆ. ಒಂದು ದಿನ ಪಕ್ಕದಲ್ಲಿ ಕೂತು ಅವನ ಬೆರಳು ನೋಡಿದೆ. ಬಾಯಿ ನಾಲ್ಕನೇ ಸಾಲಿನಲ್ಲಿತ್ತು. ಬೆರಳು ಎರಡನೇ ಸಾಲಿನಲ್ಲಿತ್ತು.

"ಎಲ್ಲಿದೀಯೋ ಮಗ?" ಅಂದೆ. ಬೆರಳು ಸರ್ರನೆ ಕೆಳಗೆ ಓಡಿತು. ಅದೂ ತಪ್ಪು ಸಾಲಿಗೆ.

ನಮ್ಮದು ಮುಳಬಾಗಿಲು ತಾಲ್ಲೂಕು, ಆಂಧ್ರ ಗಡಿಗೆ ಹತ್ತಿರದ ಸಣ್ಣ ಊರು. ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಶಾಲೆ, ಇಬ್ಬರು ಟೀಚರ್. ಒಂದು, ಎರಡು, ಮೂರು ಸೇರಿಸಿದ ನಲಿ ಕಲಿ ಕೊಠಡಿ ನನ್ನದು. ನಲಿ ಕಲಿ ಅಂದರೆ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ತರಗತಿಯವರಿಗೆ ಕಾರ್ಡು, ಆಟಗಳ ಮೂಲಕ ಕಲಿಸುವ ಪದ್ಧತಿ. ಮನೆಯಲ್ಲಿ ಮುಕ್ಕಾಲು ಮಕ್ಕಳು ತೆಲುಗು ಮಾತಾಡುತ್ತಾರೆ, ನಾಲ್ಕೈದು ಮಕ್ಕಳು ಉರ್ದು. ಕನ್ನಡ ಶಾಲೆಯ ಭಾಷೆ.

ಈ ಕಡೆ ಬೋರ್‌ವೆಲ್ ಮೋಟರ್ ನಿಂತರೆ ಯಾರೂ ಮೊದಲೇ ಪೈಪು ಎತ್ತಿಸುವುದಿಲ್ಲ. ಸಾವಿರ ಅಡಿ ಆಳದಿಂದ ಪೈಪು ಎತ್ತಿಸಿದರೆ ಎಷ್ಟು ದುಡ್ಡು ಅಂತ ರೈತನಿಗೆ ಗೊತ್ತು. ಮೂರು ಫೇಸೂ ಬಂದಿದೆಯಾ, ಫ್ಯೂಸ್ ಹೋಗಿದೆಯಾ, ಸ್ಟಾರ್ಟರ್ ಹಿಡಿಯುತ್ತಿದೆಯಾ, ಕೇಬಲ್ ಎಲ್ಲಾದರೂ ಇಲಿ ಕಡಿದಿದೆಯಾ ಅಂತ ಮೇಲಿಂದ ಒಂದೊಂದೇ ನೋಡಿಕೊಂಡು ಬರುತ್ತಾರೆ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಮೊದಲೇ ಪೈಪು ಎತ್ತುತ್ತೇವೆ. ಓದು ಬರಲ್ಲ ಅಂದ ಕೂಡಲೇ "ಅ ಆ ಇ ಈ ಇಂದ ಬರಿ." ಒತ್ತಕ್ಷರ ಒಂದರಲ್ಲಿ ಸಿಕ್ಕಿಕೊಂಡ ಮಗುವೂ ಅ ಆ ಇ ಈ, ಕಣ್ಣು ಕಾಣದ ಮಗುವೂ ಅ ಆ ಇ ಈ. ನಾನೂ ಹತ್ತು ವರ್ಷ ಹಾಗೇ ಮಾಡಿದೆ. ಈಗ ಹೇಗೆ ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಗುವಿಗೆ ಹತ್ತು ನಿಮಿಷ ಸಾಕು.

ಪುಸ್ತಕ ತೆಗೆಯುವ ಮುಂಚೆ

ಮೊದಲು ಹಾಜರಿ ಪುಸ್ತಕ. ಟೊಮೆಟೊ ಕೀಳುವ ಕಾಲದಲ್ಲಿ, ಮಾವಿನ ಸುಗ್ಗಿಯಲ್ಲಿ, ಚಿಕ್ಕ ತಂಗಿಯನ್ನು ನೋಡಿಕೊಳ್ಳುವುದಕ್ಕೆ ಅಂತ ಮಗು ತಿಂಗಳಿಗೆ ಹತ್ತು ದಿನ ಮನೆಯಲ್ಲೇ ಉಳಿದಿದ್ದರೆ, ಮಗುವಿನ ತಲೆಯಲ್ಲಿ ದೋಷ ಹುಡುಕುವುದು ಸುಮ್ನೆ. ಯಾವ ತಿಂಗಳು ಬಂದಿಲ್ಲ ಅಂತ ನೋಡಿ. ಆ ತಿಂಗಳು ಏನು ಕಲಿಸಿದ್ದಿರಿ ಅಂತ ನೋಡಿ. ಎಷ್ಟೋ ಸಲ ರಂಧ್ರ ಸರಿಯಾಗಿ ಅಲ್ಲೇ ಇರುತ್ತದೆ.

ಆಮೇಲೆ ಕಣ್ಣು. ಇದರಲ್ಲಿ ನಾನು ಒಂದು ಹುಡುಗಿಗೆ ಅನ್ಯಾಯ ಮಾಡಿದ್ದೇನೆ. ಬೋರ್ಡಿನ ಮೇಲೆ 'ಭ' ಇದ್ದರೆ 'ಬ' ಬರೆಯುತ್ತಿದ್ದಳು, 'ಧ' ಇದ್ದರೆ 'ದ'. ಮಹಾಪ್ರಾಣ ಬಂದಿಲ್ಲ ಅಂತ ನಿರ್ಧರಿಸಿ, ಮಳೆಗಾಲದಿಂದ ಸಂಕ್ರಾಂತಿವರೆಗೆ ಅದನ್ನೇ ತಿದ್ದಿಸಿದೆ. ಒಂದು ದಿನ ಕಾರ್ಡು ಕೈಗೆ ಕೊಟ್ಟಾಗ ಎಲ್ಲವನ್ನೂ ಸರಿಯಾಗಿ ಓದಿಬಿಟ್ಟಳು. ಅಕ್ಷರದ ಕೆಳಗಿನ ಆ ಸಣ್ಣ ಸೀಳು ಅವಳಿಗೆ ದೂರದಿಂದ ಕಾಣುತ್ತಲೇ ಇರಲಿಲ್ಲ. ಕನ್ನಡಕ ಬಂದ ಮೇಲೆ ಬೋರ್ಡನ್ನು ಸುಮ್ಮನೆ ನೋಡುತ್ತಾ ಕೂತಿರುತ್ತಿದ್ದಳು.

ಅದಕ್ಕೇ ಒಂದು ಚಿಕ್ಕ ಪರೀಕ್ಷೆ. ಅದೇ ಪದಗಳನ್ನು ಒಮ್ಮೆ ಬೋರ್ಡಿನಿಂದ, ಒಮ್ಮೆ ಕೈಯಲ್ಲಿ ಹಿಡಿದ ಕಾರ್ಡಿನಿಂದ ಓದಿಸಿ. ಎರಡಕ್ಕೂ ವ್ಯತ್ಯಾಸ ಬಂದರೆ ಓದಿನ ಮಾತು ಆಮೇಲೆ. ಕಿವಿಗೆ ಹೀಗೆ: ಮಗುವಿನ ಹಿಂದೆ ನಿಂತು, ನಿಮ್ಮ ತುಟಿ ಕಾಣದ ಹಾಗೆ, ಮೆಲ್ಲಗೆ ಐದು ಪದ ಹೇಳಿ. ತಿರುಗಿ ಹೇಳಲಿ. ಅನುಮಾನ ಬಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುವ ದಿನಕ್ಕೆ ಆ ಹೆಸರು ಬರೆದಿಟ್ಟುಕೊಂಡಿರಿ. ವರ್ಷಕ್ಕೊಮ್ಮೆ ಬರುವ ತಂಡ ಅದು. ಅವರು ಬಂದು ಹೋದ ಮೇಲೆ ನೆನಪಾಗಬಾರದು.

ನಾಲ್ಕು ಚೀಟಿ

ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ದಪ್ಪ, ಖಾಲಿ, ಬಿಟ್ಟಿ. ನಾಲ್ಕು ತುಂಡು ಮಾಡಿ.

ಒಂದನೇ ಚೀಟಿಯಲ್ಲಿ ಒಂದು ಪುಟ್ಟ ಕಥೆ. ಪಠ್ಯಪುಸ್ತಕದ್ದು ಬೇಡವೇ ಬೇಡ, ನೀವೇ ಬರೆಯಿರಿ. ನನ್ನದು ಇದು: "ಕೆರೆ ಏರಿ ಮೇಲೆ ಅಜ್ಜ ಬಂದ. ಅಜ್ಜನ ಕೈಯಲ್ಲಿ ಕೋಲು ಇತ್ತು. ಹುಲ್ಲಿನಲ್ಲಿ ಒಂದು ಕೇರೆ ಹಾವು ಹೋಯಿತು. ಅಜ್ಜ ಸುಮ್ಮನೆ ನಿಂತ." ಎರಡನೇ ಚೀಟಿಯಲ್ಲಿ ಪದಗಳು. ಮೊದಲ ಸಾಲು ಗುಣಿತವಿಲ್ಲದವು: ಮರ, ಸರ, ನಗರ, ಬಸವ, ಕಮಲ. ಎರಡನೇ ಸಾಲು ಗುಣಿತದವು: ಗಿಣಿ, ಮೂಗು, ಕೋಲು, ಬೇಳೆ, ತೋತಾಪುರಿ. ಮೂರನೆಯದು ಹುಸಿ ಪದಗಳು, ಅರ್ಥವೇ ಇಲ್ಲದವು: ರಮಗ, ದಸಜ, ಗಿಮೂ, ತೊಬೀ. ನಾಲ್ಕನೆಯದು ಒತ್ತಕ್ಷರ. ಅದರ ವಿಷಯ ಮುಂದೆ ಬರುತ್ತದೆ.

ಕಥೆಯಿಂದ ಶುರು ಮಾಡಿ ಕೆಳಗೆ ಇಳಿಯಿರಿ. ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆಯವರು 2005ರಿಂದ ಮನೆಮನೆಗೆ ಹೋಗಿ ಮಾಡುವುದೂ ಹೀಗೇ. ಮೊದಲು ಪ್ಯಾರಾ, ಬರದಿದ್ದರೆ ಪದ, ಅದೂ ಬರದಿದ್ದರೆ ಅಕ್ಷರ. ಐದರಲ್ಲಿ ನಾಲ್ಕು ಸರಿಯಾದರೆ ಆ ಹಂತ ಬಂತು ಅಂತ ಲೆಕ್ಕ. ಆದರೆ ಅದು ಮಗು ಯಾವ ಮೆಟ್ಟಿಲ ಮೇಲೆ ನಿಂತಿದೆ ಅಂತ ಹೇಳುತ್ತದೆ, ಯಾಕೆ ನಿಂತಿದೆ ಅಂತ ಹೇಳುವುದಿಲ್ಲ. ನಮಗೆ ಬೇಕಾಗಿರುವುದು ಎರಡನೆಯದು.

ಮಗುವನ್ನು ಬೇರೆಯವರ ಮುಂದೆ ಓದಿಸಬೇಡಿ. ಜಗಲಿಗೆ ಕರೆದುಕೊಂಡು ಹೋಗಿ, ಎದುರಿಗಲ್ಲ, ಪಕ್ಕದಲ್ಲಿ ಕೂರಿ. ತಪ್ಪು ಓದಿದರೆ ತಿದ್ದಬೇಡಿ. ಇದು ಮೇಷ್ಟ್ರ ಜಾತಿಗೆ ಬಲು ಕಷ್ಟ, ಬಾಯಿ ತಾನೇ ತೆರೆದುಕೊಳ್ಳುತ್ತದೆ. ತಡೆದುಕೊಂಡು, ಮಗು ಏನು ಓದಿತೋ ಅದನ್ನೇ ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಿ. 'ತಪ್ಪು' ಅಂತ ಗುಂಡು ಸುತ್ತಿದರೆ ಏನೂ ಸಿಗುವುದಿಲ್ಲ. 'ಕೋಲು' ಪದವನ್ನು ಕೊಲು ಅಂದನಾ, ಕಾಲು ಅಂದನಾ, ಕಲ ಅಂದನಾ? ಮೂರೂ ಬೇರೆ ಬೇರೆ ದೋಷ.

ಪುಸ್ತಕ ಬರುತ್ತದೆ, ಚೀಟಿ ಬರುವುದಿಲ್ಲ

ಮೊದಲು ಹೇಳಿದ ಹುಡುಗ ಇವನೇ. ಪಾಠ ಪೂರ್ತಿ ಬಾಯಿಪಾಠ. ಅಕ್ಕ ಮನೆಯಲ್ಲಿ ಓದುವುದನ್ನು ಕೇಳಿ ಕೇಳಿ ಕಲಿತಿದ್ದ. ಮೂರನೇ ಚೀಟಿ ಇಂಥವರನ್ನು ಒಂದೇ ನಿಮಿಷದಲ್ಲಿ ಹಿಡಿದು ಕೊಡುತ್ತದೆ. 'ರಮಗ' ಅನ್ನುವುದನ್ನು ಅವನು ಎಲ್ಲೂ ಕೇಳಿಲ್ಲ. ಅಕ್ಷರ ಗೊತ್ತಿದ್ದರೆ ಓದುತ್ತಾನೆ, ಇಲ್ಲವಾದರೆ ಮುಖ ನೋಡುತ್ತಾನೆ. ಇವನು ನನ್ನ ಮುಖ ನೋಡಿ "ಮಗ" ಅಂದ. ಕೊನೆಯ ಎರಡಕ್ಷರ ಗುರುತು ಹಿಡಿದಿದ್ದ. ಅಂದರೆ ಪೂರ್ತಿ ಖಾಲಿಯೇನಲ್ಲ.

ಇವನಿಗೆ ಮಾಡಿದ್ದು ಒಂದೇ. ಲಗ್ನಪತ್ರಿಕೆಯಲ್ಲಿ ಒಂದು ಪದ ಕಾಣುವಷ್ಟು ಕಿಂಡಿ ಕೊರೆದು, ಅದನ್ನು ಪುಟದ ಮೇಲೆ ಹಿಂದಿನಿಂದ ಮುಂದಕ್ಕೆ, ಅಂದರೆ ಕೊನೆಯ ಪದದಿಂದ ಮೊದಲ ಪದಕ್ಕೆ ಸರಿಸಿದ್ದು. ಬಾಯಿಪಾಠ ಉಲ್ಟಾ ಓಡುವುದಿಲ್ಲ. ಕಣ್ಣು ಕೆಲಸ ಮಾಡಲೇಬೇಕಾಗುತ್ತದೆ.

ಇದಕ್ಕೆ ಅಕ್ಕಪಕ್ಕದ ದೋಷ ಇನ್ನೊಂದಿದೆ: ಚಿತ್ರ ನೋಡಿ ಓದುವುದು. ಕಾರ್ಡಿನಲ್ಲಿ ಮರದ ಚಿತ್ರ, ಕೆಳಗೆ 'ಮರ'. ಮಗು "ಚೆಟ್ಟು" ಅನ್ನುತ್ತದೆ, ತೆಲುಗಿನಲ್ಲಿ. ನಾವು ನಗುತ್ತೇವೆ. ನಗುವ ವಿಷಯ ಅಲ್ಲ, ಅದು ನಮಗೆ ಸಿಕ್ಕ ಸುಳಿವು. ಮಗು ಅಕ್ಷರವನ್ನು ನೋಡೇ ಇಲ್ಲ ಅಂತ ಅದರ ಬಾಯೇ ಹೇಳಿತು. ಕನ್ನಡ ಮನೆಯ ಮಗು ಚಿತ್ರ ನೋಡಿ "ಮರ" ಅಂದುಬಿಟ್ಟರೆ ನಮಗೆ ಈ ದೋಷ ಗೊತ್ತೇ ಆಗುವುದಿಲ್ಲ. ಚಿತ್ರ ಮುಚ್ಚಿ ಓದಿಸಿ ನೋಡಿ.

ಅಕ್ಷರ ಬರುತ್ತದೆ, ಪದ ಆಗುವುದಿಲ್ಲ

"ಮ. ರ." ಸರಿ, ಕೂಡಿಸಿ ಏನಾಯ್ತು? ಮೌನ. ಇಲ್ಲಿ ಅಕ್ಷರ ತಿದ್ದಿಸುವುದು ದಂಡ, ಅಕ್ಷರ ಆಗಲೇ ಬಂದಿದೆ. ಕಿವಿಯಲ್ಲಿ ಕೂಡಿಸುವ ಕೆಲಸ ಆಗಿಲ್ಲ. ಪುಸ್ತಕ ಮುಚ್ಚಿ, ಬಿಸಿಯೂಟಕ್ಕೆ ಕೈ ತೊಳೆಯುವ ಸಾಲಿನಲ್ಲಿ ನಿಂತಿರುವಾಗ ಆಡಿಸಿ. ನಾನು "ನ... ಗ... ರ" ಅಂತ ಬಿಡಿಸಿ ಹೇಳುತ್ತೇನೆ, ಕೂಡಿಸಿದವರು ಮುಂದೆ. "ಕಮಲದಲ್ಲಿ ಕ ತೆಗೆದರೆ?" "ಮಲ!" ಒಂದೆರಡು ವಾರದಲ್ಲಿ ಬಹಳಷ್ಟು ಮಕ್ಕಳಿಗೆ ಹಿಡಿಯುತ್ತದೆ. ನಲಿ ಕಲಿಯಲ್ಲಿ ಅಆಇಈ ಕ್ರಮ ಬಿಟ್ಟು ರ, ಗ, ಸ, ದ, ಅ ಅಂತ ಶುರು ಮಾಡುವುದಕ್ಕೂ ಇದೇ ಕಾರಣ. ಐದೇ ಅಕ್ಷರ ಬಂದ ದಿನವೇ ಸರ, ಗರಗಸ, ಅರಸ, ದಸರ ಅಂತ ಪದ ಕೂಡಿಸಬಹುದು.

ಈ ನಲಿ ಕಲಿಯ ಕಥೆಯೂ ಚೆನ್ನಾಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಶುರು ಮಾಡಿದ್ದು, ಅದಕ್ಕೆ ಮುಂಚೆ ಅವರು ನೋಡಿ ಬಂದದ್ದು ರಿಷಿ ವ್ಯಾಲಿಯ ಶಾಲೆಗಳನ್ನು. ರಿಷಿ ವ್ಯಾಲಿ ಇರುವುದು ಮದನಪಲ್ಲಿ ಹತ್ತಿರ, ನಮ್ಮ ಗಡಿಯ ಆಚೆಗೆ. ಪಕ್ಕದ ಮನೆಯಲ್ಲಿದ್ದದ್ದು ಮೈಸೂರು ಸುತ್ತಿಕೊಂಡು 2009-10ರಲ್ಲಿ ನಮ್ಮ ಕೊಠಡಿಗೆ ಬಂತು.

ಬಾಯಿ ತಪ್ಪಿದೆಯೋ, ಕಣ್ಣು ತಪ್ಪಿದೆಯೋ

'ಹಾಲು' ಅಂತ ಬರೆದಿದ್ದರೆ ಮಗು "ಆಲು" ಅನ್ನುತ್ತದೆ. 'ಶಾಲೆ'ಗೆ "ಸಾಲೆ". 'ಬಂದಳು' ಅನ್ನುವುದನ್ನು "ಬಂದ್ಲು" ಅನ್ನುತ್ತದೆ. ತಪ್ಪು ಅಂತ ಬರೆಯುತ್ತೀರಾ? ನಾನು ಬರೆಯುವುದಿಲ್ಲ. 'ಬಂದಳು' ನೋಡಿ "ಬಂದ್ಲು" ಅಂದ ಮಗು ಓದಿದೆ, ಅರ್ಥ ಮಾಡಿಕೊಂಡಿದೆ, ತನ್ನ ಮಾತಿಗೆ ತಿರುಗಿಸಿಕೊಂಡಿದೆ. ಅದಕ್ಕಿಂತ ಇನ್ನೇನು ಬೇಕು? ಉರ್ದು ಮನೆಯ ಮಗು 'ಹಳ್ಳಿ'ಗೆ "ಹಲ್ಲಿ" ಅಂದರೂ ಅಷ್ಟೇ, ಮೊದಲು ಒಂದು ಪ್ರಶ್ನೆ ಕೇಳಿ: "ಅದು ಗೋಡೆ ಮೇಲಿರುತ್ತಾ, ನಾವು ಅದರೊಳಗಿರ್ತೀವಾ?" ಸರಿಯಾಗಿ ಹೇಳಿದರೆ ಅದು ನಾಲಿಗೆಯ ವಿಷಯ, ಓದಿನ ವಿಷಯ ಅಲ್ಲ.

ಕಣ್ಣಿನ ತಪ್ಪು ಬೇರೆ ಥರ ಇರುತ್ತದೆ. 'ನ' ಇದ್ದ ಕಡೆ 'ಸ', 'ಡ' ಇದ್ದ ಕಡೆ 'ದ', 'ವ' ಇದ್ದ ಕಡೆ 'ಪ'. ಎಲ್ಲಕ್ಕಿಂತ ಮೊಂಡು ಅಂದರೆ 'ಮ' ಮತ್ತು 'ವು'. ಹೂವು ಅನ್ನುವುದನ್ನು "ಹೂಮ" ಅಂತ ಓದುವ ಮಗು ಪ್ರತಿ ವರ್ಷ ಒಂದಾದರೂ ಇರುತ್ತದೆ. ಅಕ್ಷರ ನೋಡಿದರೆ ಅದರದೇನೂ ತಪ್ಪಿಲ್ಲ ಅನ್ನಿಸುತ್ತದೆ. ಇವೆರಡನ್ನೂ ಬೇರೆ ಬೇರೆ ದಿನ ಕಲಿಸಿ, ಮತ್ತೆ ಎದುರುಬದುರು ಇಟ್ಟು ಎಲ್ಲಿ ಬೇರೆ ಅಂತ ಮಗುವಿನ ಬಾಯಲ್ಲೇ ಹೇಳಿಸಿ. "ಇದರ ಬಾಲ ಮೇಲೆ ಹೋಗುತ್ತೆ ಮಿಸ್" ಅಂತ ಅದು ಹೇಳಿದ ಮಾತೇ ಅದಕ್ಕೆ ನೆನಪಿರುತ್ತದೆ, ನಾವು ಹೇಳಿದ್ದಲ್ಲ.

ಕಾಗುಣಿತದ ರೈಲು

ನನ್ನ ಲೆಕ್ಕದಲ್ಲಿ ಅರ್ಧಕ್ಕರ್ಧ ಮಕ್ಕಳು ನಿಲ್ಲುವುದು ಇಲ್ಲಿ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

34 ವ್ಯಂಜನ, 13 ಸ್ವರ. ಗುಣಿಸಿದರೆ 442 ಆಕಾರ, ಒತ್ತಕ್ಷರ ಸೇರಿಸದೆ. ದೊಡ್ಡವರಾದ ನಮಗೆ ಇದು ಮರೆತೇ ಹೋಗಿದೆ. ಕನ್ನಡ ಮಕ್ಕಳ ಓದಿನ ಮೇಲೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ನಮ್ಮ ಅಕ್ಷರಗಳು ಪೂರ್ತಿ ಕೈಗೆ ಹತ್ತುವ ಕೆಲಸ ಒಂದನೇ ತರಗತಿಯಲ್ಲಿ ಮುಗಿಯುವುದಿಲ್ಲ, ಮೂರು ನಾಲ್ಕನೇ ತರಗತಿವರೆಗೂ ಎಳೆಯುತ್ತದೆ. ಎರಡನೇ ತರಗತಿಯ ಮಗುವಿಗೆ 'ಘೌ' ಬರಲಿಲ್ಲ ಅಂತ ಗಾಬರಿ ಬೇಡ. ಅದು ಎಷ್ಟು ಪದದಲ್ಲಿ ಬರುತ್ತದೆ ಹೇಳಿ?

ದೋಷ ಕಾಣುವುದು ಹೀಗೆ. 'ಕೋಲು' ತೋರಿಸುತ್ತೀರಿ. ಮಗು ಸುಮ್ಮನಿದೆ. ಗೊತ್ತಿಲ್ಲ ಅಂದುಕೊಂಡು ನೀವೇ ಹೇಳಿಬಿಡುತ್ತೀರಿ. ಹೇಳಬೇಡಿ. ತುಟಿ ನೋಡಿ. ತುಟಿ ಅಲ್ಲಾಡುತ್ತಿರುತ್ತದೆ. "ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು..." ವಟ್ರಸುಳಿ ದಾಟಿ, ಎತ್ವ ದಾಟಿ, ಐತ್ವ ದಾಟಿ, 'ಕೋ' ತಲುಪುವುದಕ್ಕೆ ಹನ್ನೆರಡು ನಿಲ್ದಾಣ. ಕೋಲಾರಕ್ಕೆ ಹೋಗುವುದಕ್ಕೆ ಪ್ರತಿ ಸಲ ಬೆಂಗಳೂರಿನಿಂದಲೇ ರೈಲು ಹತ್ತಿದ ಹಾಗೆ. ಅಲ್ಲಿಂದ 'ಲು'ಗೆ ಮತ್ತೆ "ಲ ತಲೆಕಟ್ಟು ಲ". ಅಷ್ಟು ಹೊತ್ತಿಗೆ 'ಕೋ' ಮರೆತಿರುತ್ತದೆ.

ಆ ರಾಗ ಕೆಟ್ಟದ್ದಲ್ಲ. ನಮ್ಮ ಅಜ್ಜಂದಿರು ಅದರಲ್ಲೇ ಕಲಿತರು, ಚಿಹ್ನೆಗಳ ಹೆಸರು ಅದರಿಂದಲೇ ನಮಗೆ ಉಳಿದಿರುವುದು. ಆದರೆ ಅದು ಅಡ್ಡ ಸಾಲು. ಓದುವುದಕ್ಕೆ ಬೇಕಾದ್ದು ಉದ್ದ ಸಾಲು. ಒಂದು ವಾರ ಬರೀ ಗುಡಿಸು: ಕಿ, ಗಿ, ಸಿ, ರಿ, ಮಿ, ನಿ. ಆ ವಾರದ ಪದಗಳೆಲ್ಲ ಅದರವೇ: ಗಿರಿ, ಸಿರಿ, ನರಿ, ಗರಿ. ಮುಂದಿನ ವಾರ ಕೊಂಬು. ಗುಡಿಸು ಹತ್ತಿದ ಕೂಡಲೇ ತಲೆಕಟ್ಟು ಮಾಯವಾಗುತ್ತದೆ ಅನ್ನುವುದನ್ನು ಮಗುವಿಗೆ ಬಾಯಿಬಿಟ್ಟು ಹೇಳಿ. ಕೊಂಬು 'ಕು'ನಲ್ಲಿ ಪಕ್ಕಕ್ಕೆ ಅಂಟಿಕೊಂಡರೆ 'ಪು', 'ವು'ಗಳಲ್ಲಿ ಕೆಳಕ್ಕೆ ಇಳಿದು ಕೂರುತ್ತದೆ ಅನ್ನುವುದನ್ನೂ ಹೇಳಿ. ನಮಗೆ ಅದು ತಾನಾಗೇ ಕಾಣುತ್ತದೆ. ಅದಕ್ಕೆ ಕಾಣುವುದಿಲ್ಲ.

ಸರಿಹೋಗಿದೆಯಾ ಅಂತ ನೋಡುವುದಕ್ಕೆ ನಾನು ಇಟ್ಟುಕೊಂಡಿರುವುದು ಮಾವಿನ ಹಣ್ಣಿನ ಪಟ್ಟಿ. ಬಾದಾಮಿ, ರಸಪುರಿ, ನೀಲಂ, ತೋತಾಪುರಿ. ಶ್ರೀನಿವಾಸಪುರದ ಮಂಡಿಗೆ ಅಪ್ಪನ ಜೊತೆ ಹೋಗಿ ಬಂದ ಮಕ್ಕಳಿಗೆ ಈ ಹೆಸರುಗಳು ಬಾಯಲ್ಲೇ ಇರುತ್ತವೆ, ತೆಲುಗಾದರೂ ಕನ್ನಡವಾದರೂ ಅದೇ ಹೆಸರು. 'ತೋತಾಪುರಿ'ಯನ್ನು ಎರಡು ಸೆಕೆಂಡಿನಲ್ಲಿ ಓದಿದ ಮಗು ರೈಲಿನಿಂದ ಇಳಿದಿದೆ ಅಂತ ಅರ್ಥ. ಮೊದಲ ಅಕ್ಷರ ನೋಡಿ ಊಹಿಸಿತೋ ಏನೋ ಅಂತ ಅನುಮಾನ ಬಂದರೆ 'ತೋಪುತಾರಿ' ಅಂತ ಬರೆದು ತೋರಿಸಿ. ಓದಿ, ಬಿದ್ದು ಬಿದ್ದು ನಗುತ್ತವೆ.

ದೀರ್ಘ

ಬೆಳೆ, ಬೇಳೆ. ಕೆರೆ, ಕೇರೆ. ಹುಳು, ಹೂಳು. ಮೊದಲು ಪುಸ್ತಕವಿಲ್ಲದೆ ಕೇಳಿ: ಬೆಳೆ ಎಲ್ಲಿರುತ್ತೆ, ಬೇಳೆ ಎಲ್ಲಿರುತ್ತೆ? ಹೊಲದಲ್ಲಿ, ಡಬ್ಬಿಯಲ್ಲಿ ಅಂದರೆ ಕಿವಿ ಸರಿ ಇದೆ, ಕಣ್ಣು ಕೊನೆಯವರೆಗೂ ಹೋಗುತ್ತಿಲ್ಲ ಅಷ್ಟೇ. ದೀರ್ಘದ ಗುರುತು ಅಕ್ಷರ ಮುಗಿದ ಮೇಲೆ ಬಲಕ್ಕೆ ನಿಂತಿರುತ್ತದಲ್ಲ, ಮಗು ಅಷ್ಟರಲ್ಲಿ ಮುಂದಕ್ಕೆ ಹಾರಿರುತ್ತದೆ. ದೀರ್ಘಕ್ಕೆ ಕೆಂಪು ಬಣ್ಣ ಹಚ್ಚಿಸಿ, ಒಂದು ವಾರ. ಮುಗೀತು.

ಒತ್ತು

ನಾಲ್ಕನೇ ಚೀಟಿ. ಮೇಲಿನ ಸಾಲು: ಹಗ್ಗ, ಅಜ್ಜ, ಹಬ್ಬ, ಬೆಕ್ಕು. ಕೆಳಗಿನ ಸಾಲು: ಹತ್ತು, ಅನ್ನ, ಅಮ್ಮ, ಹಲ್ಲು.

ಮೇಲಿನ ಸಾಲಿನ ಒತ್ತುಗಳು ನೋಡುವುದಕ್ಕೆ ತಮ್ಮ ಅಕ್ಷರದ ಹಾಗೇ ಇವೆ, ತಲೆಕಟ್ಟು ಮಾತ್ರ ಇಲ್ಲ. ಕೆಳಗಿನವು ಹಾಗಲ್ಲ. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಬೇರೆಯದೇ ರೂಪ. ಮಗು ಮೇಲಿನ ಸಾಲು ಓದಿ ಕೆಳಗಿನ ಸಾಲಿನಲ್ಲಿ ಎಡವಿದರೆ, ಒತ್ತು ಅಂದರೆ ಏನು ಅಂತ ಅದಕ್ಕೆ ಗೊತ್ತು, ಆರು ರೂಪ ಕಲಿಸಿದರೆ ಸಾಕು. ಎರಡು ಸಾಲಿನಲ್ಲೂ 'ಹಗಗ', 'ಅನನ' ಅಂತ ಓದಿದರೆ ಒತ್ತಿನ ಕೆಲಸವೇ ಹಿಡಿದಿಲ್ಲ. ಆಗ ಅಕ್ಷರ ತೋರಿಸುವುದಕ್ಕಿಂತ ಮೊದಲು ಬಾಯಿಂದ ಶುರು ಮಾಡಿ. ಹಣ, ಹಣ್ಣು. ಕಣ, ಕಣ್ಣು. ಎಲ್ಲಿ ನಾಲಿಗೆ ಒಂದು ಕ್ಷಣ ತಡೆದು ನಿಲ್ಲುತ್ತದೆ? ಮೊದಲು ನಾನು ಈ ಎರಡು ದೋಷಗಳನ್ನು ಒಂದೇ ಅಂದುಕೊಂಡು, ಎಲ್ಲರಿಗೂ 34 ಒತ್ತು ಬರೆಸುತ್ತಿದ್ದೆ. ಎಷ್ಟು ಪುಟ ದಂಡ ಮಾಡಿಸಿದೆನೋ.

ಇನ್ನು 'ಸೂರ್ಯ'. "ಸೂಯರ" ಅಂತ ಓದುವ ಮಗು ಜಾಣ ಮಗು. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದೆ. ಅರ್ಕಾವೊತ್ತು ಬರೆಯುವಾಗ ಹಿಂದೆ, ಹೇಳುವಾಗ ಮುಂದೆ. ಇದಕ್ಕೆ ತರ್ಕ ಹೇಳಿ ಪ್ರಯೋಜನವಿಲ್ಲ. ಸೂರ್ಯ, ವರ್ಷ, ಮಾರ್ಗ ಅಂತ ಹತ್ತು ಪದ ಇಡಿಯಾಗಿ ಗುರುತು ಹಿಡಿಸಿ ಬಿಟ್ಟುಬಿಡಿ.

ಓದುತ್ತದೆ, ಆದರೆ ಆಮೆ ಥರ

ಚಿಕ್ಕ ಮಕ್ಕಳಿಗೆ ಓದು, ಲೆಕ್ಕ ಬರಬೇಕು ಅಂತ ಕೇಂದ್ರ ಸರ್ಕಾರ ಮಾಡಿದ ನಿಪುಣ್ ಭಾರತ್ ಯೋಜನೆ ಬಂದದ್ದು 2021ರಲ್ಲಿ. ಅದರ ಪ್ರಕಾರ ಮೂರನೇ ತರಗತಿ ಮುಗಿಯುವ ಹೊತ್ತಿಗೆ ಮಗು ನಿಮಿಷಕ್ಕೆ 60 ಪದವನ್ನು ಅರ್ಥವಾಗುವಂತೆ ಓದಬೇಕು. ಗುರಿ ಇರಲಿ. ಆದರೆ ಗಡಿಯಾರ ಹಿಡಿಯುವ ಮುಂಚೆ ಕನ್ನಡದ ಪದ ಎಷ್ಟು ಉದ್ದ ಅಂತಲೂ ನೋಡಬೇಕಲ್ವಾ? 'ಮನೆಯಲ್ಲಿದ್ದವರಿಗೆಲ್ಲ' ಅನ್ನುವುದು ನಮ್ಮಲ್ಲಿ ಒಂದೇ ಪದ. ಅದನ್ನೇ ಹಿಂದಿಯಲ್ಲಿ ಐದಾರು ತುಂಡು ಮಾಡಿ ಬರೆಯುತ್ತಾರೆ.

ನಿಧಾನದಲ್ಲಿ ಎರಡು ಬಗೆ. ಪ್ರತಿ ಪದಕ್ಕೂ ಒಂದೇ ಸಮ ನಿಧಾನವಾದರೆ ಅಭ್ಯಾಸ ಸಾಲದು. ಅದೇ ಚಿಕ್ಕ ಪ್ಯಾರಾವನ್ನು ದಿನಕ್ಕೆ ಮೂರು ಸಲ, ಒಮ್ಮೆ ನನ್ನ ಜೊತೆ, ಒಮ್ಮೆ ಗೆಳೆಯನ ಜೊತೆ, ಒಮ್ಮೆ ಒಂಟಿಯಾಗಿ. ಗಿಡ್ಡ ಪದ ಸಲೀಸು, ಉದ್ದ ಪದದಲ್ಲಿ ಮಾತ್ರ ಸಿಕ್ಕಿಕೊಂಡರೆ ಬಾಲ ಕತ್ತರಿಸಿ ತೋರಿಸಿ. 'ಹುಲ್ಲಿನಲ್ಲಿ' ಪದದ 'ನಲ್ಲಿ'ಯನ್ನು ಬೆರಳಲ್ಲಿ ಮುಚ್ಚಿ. 'ಹುಲ್ಲಿ' ಬಂತಾ? ಈಗ ಬೆರಳು ತೆಗಿ. ಅಲ್ಲಿ, ಇಂದ, ಗಳು, ಗೆ, ಅನ್ನು. ಈ ಐದಾರು ಬಾಲ ಕಣ್ಣಿಗೆ ಪರಿಚಯವಾದರೆ ಅರ್ಧ ಪುಸ್ತಕ ಹಗುರಾಗುತ್ತದೆ.

ಓದುತ್ತದೆ, ಅರ್ಥವಾಗಿಲ್ಲ

ಎರಡು ವರ್ಷದ ಹಿಂದೆ ಒಳ್ಳೆ ಮಳೆಯಾಗಿ ನಮ್ಮೂರ ಕೆರೆ ತುಂಬಿತ್ತು. ಆ ಖುಷಿಯಲ್ಲಿ ಬೋರ್ಡಿನ ಮೇಲೆ ಬರೆದೆ: "ಮಳೆ ಬಂತು. ಕೆರೆ ತುಂಬಿತು. ಕೋಡಿ ಹರಿಯಿತು." ಎರಡನೇ ತರಗತಿಯ ಹುಡುಗಿ ಒಂದೂ ತಪ್ಪಿಲ್ಲದೆ ಓದಿದಳು. ಶಭಾಷ್ ಅಂದೆ. ಚಿತ್ರ ಬರಿ ಅಂದೆ. ಮಳೆ ಬರೆದಳು. ಕೆರೆ ಬರೆದಳು. ಕೆರೆಯ ಪಕ್ಕದಲ್ಲಿ ಜುಟ್ಟು, ಕೊಕ್ಕು, ಎರಡು ಕಾಲು ಇರುವ ಏನೋ ಒಂದನ್ನು ಬರೆದಳು.

"ಇದೇನು ಪುಟ್ಟಿ?"

"ಕೋಡಿ ಅಂಟೆ ಕೋಳಿ ಕದಾ ಮಿಸ್."

ತೆಲುಗಿನಲ್ಲಿ ಕೋಡಿ ಅಂದರೆ ಕೋಳಿ. ಮಳೆ ಬಂತು, ಕೆರೆ ತುಂಬಿತು, ಕೋಳಿ ಓಡಿತು. ಅವಳ ಕಥೆ ನನ್ನ ಕಥೆಗಿಂತ ಚೆನ್ನಾಗೇ ಇತ್ತು. ಆದರೆ ಅಂದಿನಿಂದ ನಾನು ಸರಾಗವಾದ ಓದನ್ನು ನಂಬುವುದು ಬಿಟ್ಟೆ. 'ಈಗ' ಅನ್ನುವುದು ಅವರಿಗೆ ನೊಣ. 'ಪಾಠ'ವನ್ನು ಪಾಟ ಅಂತ ಓದಿದರೆ ಅದು ಹಾಡು. ಅಕ್ಷರ ಸರಿ, ಉಚ್ಚಾರ ಸರಿ, ತಲೆಯೊಳಗೆ ಬೇರೆಯೇ ಚಿತ್ರ ಓಡುತ್ತಿರುತ್ತದೆ.

ಇಲ್ಲಿ ದೋಷ ಓದಿನದೋ ಭಾಷೆಯದೋ ಅಂತ ಬೇರೆ ಮಾಡುವುದಕ್ಕೆ ಒಂದೇ ದಾರಿ. ಓದಿದ ಮೇಲೆ "ತೆಲುಗಲ್ಲೇ ಹೇಳಮ್ಮ, ಏನಾಯ್ತು?" ಅನ್ನಿ. ತೆಲುಗಿನಲ್ಲಿ ಪಟಪಟ ಅಂತ ಹೇಳಿದರೆ ಓದೂ ಸರಿ, ತಿಳಿವಳಿಕೆಯೂ ಸರಿ, ಕನ್ನಡದಲ್ಲಿ ಉತ್ತರ ಹೇಳುವ ಮಾತು ಸಾಲದು. ತೆಲುಗಿನಲ್ಲೂ ಹೇಳದಿದ್ದರೆ ಅದೇ ಕಥೆಯನ್ನು ನೀವು ಓದಿ, ಮಗು ಕೇಳಲಿ. ಕೇಳಿದರೂ ಅರ್ಥವಾಗಲಿಲ್ಲ ಅಂದರೆ ಪದಗಳೇ ಗೊತ್ತಿಲ್ಲ, ಓದಿಸಿ ಉಪಯೋಗವಿಲ್ಲ, ಮಾತಾಡಿಸಿ. ಕೇಳಿದಾಗ ಅರ್ಥವಾಗಿ, ಓದಿದಾಗ ಆಗಲಿಲ್ಲ ಅಂದರೆ ಮಗುವಿನ ಶಕ್ತಿಯೆಲ್ಲ ಅಕ್ಷರ ಬಿಡಿಸುವುದಕ್ಕೇ ಖರ್ಚಾಗುತ್ತಿದೆ. ಹಿಂದಿನ ವೇಗದ ಕೆಲಸಕ್ಕೆ ಹೋಗಿ.

ತರಗತಿಯಲ್ಲಿ ತೆಲುಗು ಆಡಿಸಿದರೆ ಕನ್ನಡ ಬರಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಾಗೇಪಲ್ಲಿ ಕಡೆಯಾಗಲಿ, ಪಾವಗಡದ ಕಡೆಯಾಗಲಿ, ಗಡಿಯಲ್ಲಿ ಪಾಠ ಮಾಡಿದವರನ್ನು ಕೇಳಿ ನೋಡಿ. ಅಮ್ಮ, ಅಕ್ಕ, ಊರು, ಆಟ ಎರಡೂ ಭಾಷೆಯಲ್ಲಿ ಒಂದೇ. 'ಪಾಲು' ಹಾಲಾಗುತ್ತದೆ, 'ಪುವ್ವು' ಹೂವಾಗುತ್ತದೆ, 'ಪಂಡು' ಹಣ್ಣಾಗುತ್ತದೆ. ಪ ಇದ್ದ ಕಡೆ ಹ ಹಾಕಿದರೆ ಕನ್ನಡ ಬರುತ್ತೆ ಅಂತ ಒಬ್ಬ ಹುಡುಗ ತಾನೇ ಕಂಡುಹಿಡಿದು, ಒಂದು ವಾರ ನನ್ನ ಪೆನ್ನನ್ನು "ಹೆನ್ನು" ಅನ್ನುತ್ತಿದ್ದ.

ಇದೆಲ್ಲ ಮಾಡಿಯೂ ಹತ್ತದಿದ್ದರೆ

ಹಾಜರಿ ಸರಿ, ಕಣ್ಣು ಕಿವಿ ಸರಿ, ಮಾತು ಚುರುಕು, ಲೆಕ್ಕ ಬಾಯಲ್ಲೇ ಮಾಡುತ್ತದೆ. ಆದರೂ ಆರು ತಿಂಗಳು ಒಂದೇ ಕಡೆ ಪಟ್ಟು ಹಿಡಿದು ಮಾಡಿದರೂ ನಿನ್ನೆ ಬಂದ ಅಕ್ಷರ ಇವತ್ತು ಇಲ್ಲ. ಅಂಥ ಮಗುವಿಗೆ ಡಿಸ್ಲೆಕ್ಸಿಯಾ ಇರಬಹುದು. ನಾವು ಹೆಸರಿಡಬಾರದು, ಅದು ನಮ್ಮ ಕೆಲಸ ಅಲ್ಲ. ಬಿಆರ್‌ಸಿಯಲ್ಲಿರುವ, ಅಂದರೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿರುವ, ವಿಶೇಷ ಶಿಕ್ಷಕರಿಗೆ, ಬಿಐಇಆರ್‌ಟಿ ಅನ್ನುತ್ತೇವಲ್ಲ ಅವರಿಗೆ, ಆ ಮಗು ಓದಿದ್ದನ್ನು ಬರೆದುಕೊಂಡ ಪುಸ್ತಕದ ಸಮೇತ ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. "ಮಗು ದಡ್ಡ" ಅಂತ ಮನೆಯಲ್ಲಿ ಹೇಳುವ ಮುಂಚೆ ಈ ಬಾಗಿಲು ತಟ್ಟಲೇಬೇಕು.

ರಿಪೇರಿ ಆದ ಮೇಲೆ

ಮೂರು ವಾರಕ್ಕೊಮ್ಮೆ ಅದೇ ಚೀಟಿ, ಪದಗಳನ್ನು ಅದಲುಬದಲು ಮಾಡಿ. ಒಂದು ವಿಷಯಕ್ಕೆ ತಯಾರಾಗಿರಿ. ಸರಿಹೋಗುತ್ತಿರುವ ಮಗು ಮೊದಲಿಗಿಂತ ಕೆಟ್ಟದಾಗಿ ಓದುತ್ತಿರುವ ಹಾಗೆ ಕಾಣುತ್ತದೆ.

ಬಾಯಿಪಾಠದ ಹುಡುಗನ ಅಮ್ಮ ಶಾಲೆ ಹತ್ತಿರ ಬಂದರು. ಕೈಯಲ್ಲಿ ಮುಳಬಾಗಿಲಿನ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ಕೊತ್ತಂಬರಿ ಕಟ್ಟು. "ಮುಂಚೆ ಗಡಗಡ ಅಂತ ಓದ್ತಿದ್ದ ಮಿಸ್. ಈಗ ಒಂದೊಂದಕ್ಕೂ ನಿಂತ್ಕೋತಾನೆ. ಏನು ಮಾಡಿದ್ರಿ ನೀವು?" ಅಂದರು. ಬೈಗುಳ ಅಲ್ಲ, ಆದರೆ ಹತ್ತಿರವೇ ಇತ್ತು.

ಹುಡುಗ ಅಮ್ಮನ ಸೆರಗು ಹಿಡಿದು ನಿಂತಿದ್ದ. ಅವನ ಕಣ್ಣು ನನ್ನ ಮೇಲೂ ಇರಲಿಲ್ಲ, ಅಮ್ಮನ ಮೇಲೂ ಇರಲಿಲ್ಲ. ಬೆರಳು ಎತ್ತಿ ಕವರ್ ಮೇಲೆ ಇಟ್ಟ. "ಸೀ... ರೆ... ಸೀರೆ." ಬೆರಳು ಮುಂದೆ ಹೋಯಿತು, ಬಾಯಿ ಅದರ ಜೊತೆಗೇ ಹೋಯಿತು. "ಗ... ಳು. ಸೀರೆಗಳು."

ಆಯಮ್ಮ ಕವರನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದರು. ಅವರಿಗೆ ಓದು ಬರುವುದಿಲ್ಲ. "ಅದು ಸೀರೆ ಅಂತ ಇದೆಯಾ?" ಅಂತ ಅವನನ್ನೇ ಕೇಳಿದರು.